ನಮ್ಮ ಬಚ್ಚಲೊಲೆಯಿಂದ ಕರಗಿತೆನ್ನಲಾದ ಧ್ರುವದ ಹಿಮದ ಬಗ್ಗೆ

ಪರಿಸರ ಜಾಗೃತಿ ಅಭಿಯಾನದ ತಾಲ್ಲೂಕು ಉಸ್ತುವಾರಿ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಉತ್ತರ ಧ್ರುವದ ಹಿಮ ಕರಗದಿರಲೆಂದು ನನ್ನ ಅತ್ತೆಯವರು ಎರಡು ತಿಂಗಳಿನಿಂದ ತಣ್ಣೀರು ಸ್ನಾನ ಮಾಡುತ್ತಿದ್ದಾರೆ. ಅವರಿಗೆ ಉಬ್ಬಸವಿದೆ. ಹೀಗೆ ಮಾಡಿ ಎಂದು ನೀವು ಹೇಳಲಿಲ್ಲ, ನಿಜ. ಆದರೆ ಹೀಗೆ ಮಾಡಬೇಡಿ ಎಂದು ಬಂದು ಹೇಳಿದರೆ ಅವರು ಕೇಳುವುದು ಈ ಭೂಮಿಯ ಮೇಲೆ ನಿಮ್ಮೊಬ್ಬರ ಮಾತನ್ನು ಮಾತ್ರ, ಮತ್ತು ನೀವು ಬರುತ್ತಿಲ್ಲ. ಅದಕ್ಕಾಗಿ ಈ ಪತ್ರ. ಮೊದಲು ಲಕೋಟೆಯಲ್ಲಿ ಹಾಕಿ ಕಳಿಸಿದ ಪತ್ರಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬರಲಿಲ್ಲ. ಪತ್ರಿಕೆಯಲ್ಲಿ ಬಂದರೆ ನಾಲ್ಕು ಜನರಾದರೂ ಓದುತ್ತಾರೆ, ಅವರಲ್ಲಿ ಒಬ್ಬರು ನಿಮಗೆ ಬೇಕಾದವರು ಇದ್ದರೂ ಇದ್ದಾರು.

ನಡೆದದ್ದು ನಿಮಗೆ ಗೊತ್ತು. ಆದರೂ ಆ ನಾಲ್ಕು ಜನರಿಗಾಗಿ ಮೊದಲಿನಿಂದ ಹೇಳುತ್ತೇನೆ. ಜೂನ್ ಐದು, ವಿಶ್ವ ಪರಿಸರ ದಿನ. ಈ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಲೋಕಕ್ಕೆಲ್ಲ ಕರಗುವ ಹಿಮವೇ ವಿಷಯವಂತೆ. ತಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ನೀವು ಸುತ್ತಮುತ್ತಲ ಮಹಿಳಾ ಸಂಘಗಳವರನ್ನೆಲ್ಲ ಸೇರಿಸಿದಿರಿ. ಹೆರಿಗೆಗೆಂದು ನಂಜನಗೂಡಿನ ತವರಿಗೆ ಹೋಗಿದ್ದ ನಾನು ಗಂಡನ ಮನೆಗೆ ಮರಳಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಕೈಗೂಸು ಗಾನವಿಯನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ, ಅವಳು ಅತ್ತರೆ ಎದ್ದು ಹೋಗಲು ಅನುಕೂಲವಾಗುವಂತೆ, ಬಾಗಿಲ ಪಕ್ಕ ಕುಳಿತಿದ್ದೆ. ಸಂಘದ ಹಿರಿಯರೆಂದು ಅತ್ತೆ ಚನ್ನಾಜಮ್ಮನವರನ್ನು ನೀವೇ ಮುಂದಿನ ಸಾಲಿನಲ್ಲಿ ಕೂರಿಸಿದ್ದಿರಿ.

ಪರದೆಯ ಮೇಲೆ ಒಂದು ಹಿಮಕರಡಿ ಬಂತು. ಮಂಚದಷ್ಟು ಅಗಲದ ಹಿಮದ ತುಂಡಿನ ಮೇಲೆ ನಿಂತಿತ್ತು, ಕಾಲ ಸಂದಿಯಲ್ಲಿ ಮರಿ. ಸುತ್ತ ನೀರು. ನಮ್ಮ ಪಕ್ಕದ ಮನೆಯ ಪುಟ್ಟಮಾದಮ್ಮನವರು, "ಅಯ್ಯೋ, ಅದೂ ಬಾಣಂತಿ ಕಣವ್ವ" ಎಂದರು. ಆಗ ನೀವು ಕೇಳಿದಿರಿ: "ತಾಯಂದಿರೇ, ಈ ಹಿಮವನ್ನು ಕರಗಿಸುತ್ತಿರುವವರು ಯಾರು? ನಾವೇ. ಹೌದು, ನೀವೇ." ಆ 'ನಾವು' ಅಷ್ಟು ಬೇಗ 'ನೀವು' ಆದದ್ದನ್ನು ನಾನು ಗಮನಿಸಿದೆ. ಮುಂದಿನ ಚಿತ್ರ ಒಂದು ಬಚ್ಚಲೊಲೆ. ಹಂಡೆ, ಕೆಳಗೆ ತುರುಕಿದ ತೆಂಗಿನ ಮಟ್ಟೆ, ಗೋಡೆಯುದ್ದಕ್ಕೂ ಮಸಿ. "ಇದು ನಮ್ಮಟ್ಟಿ ಬಚ್ಚಲೇ ಇದ್ದಂಗದಲ್ಲ!" ಎಂದು ಯಾರೋ ನಕ್ಕರು, ನಕ್ಕವರು ಅರ್ಧಕ್ಕೇ ನಿಲ್ಲಿಸಿದರು. ಕರಡಿ, ಒಲೆ. ಒಲೆ, ಕರಡಿ. ನಡುವೆ ಇನ್ನೇನೂ ಇಲ್ಲ. ಚಿಮಣಿ ಇಲ್ಲ, ಲಾರಿ ಇಲ್ಲ, ವಿಮಾನ ಇಲ್ಲ, ಹೊರಗೆ ಚಾಲಕನ ಸಮೇತ ಇಂಜಿನ್ ಆರಿಸದೆ ನಿಂತಿದ್ದ ನಿಮ್ಮ ಜೀಪಂತೂ ಇಲ್ಲವೇ ಇಲ್ಲ.

ಆಮೇಲೆ ಪ್ರತಿಜ್ಞೆ. ಎಲ್ಲರೂ ಎದ್ದು ಬಲಗೈ ಮುಂದೆ ಚಾಚಿ ನಿಮ್ಮ ಹಿಂದೆ ಹೇಳಬೇಕು: "ಇಂದಿನಿಂದ ನಮ್ಮ ಮನೆಯಿಂದ ಹೊಗೆ ಏಳಲು ಬಿಡುವುದಿಲ್ಲ." ಫೋಟೋದವರು ಕುರ್ಚಿ ಹತ್ತಿ ನಿಂತರು. ಎಲ್ಲರೂ ಕೈ ಚಾಚಿದರು. ಅತ್ತೆ ಚಾಚಲಿಲ್ಲ. ಸೆರಗಿನೊಳಗಿನ ಲಿಂಗದ ಕರಡಿಗೆಯನ್ನು ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ಬಲಗೈ ಮುಚ್ಚಿ, ಕಣ್ಣು ಮುಚ್ಚಿ, ನೀವು ಹೇಳಿಕೊಟ್ಟ ಒಂದೊಂದು ಮಾತನ್ನೂ ಹೇಳಿದರು. "ಅಮ್ಮಾ, ಕೈ ಮುಂದಕ್ಕೆ ಚಾಚಿ, ಫ್ರೇಮಿಗೆ ಬರ್ಲಿ" ಎಂದು ಫೋಟೋದವರು ಕೂಗಿದಾಗ, "ನಂದು ಇಂಗೇಯ, ನೀ ತಗಳಪ್ಪ" ಎಂದರು. ನೀವು ಅದನ್ನು ನೋಡಿದಿರಿ. ನೋಡಿ ಮುಗುಳ್ನಕ್ಕಿರಿ. ನಮ್ಮ ಕಡೆ ಲಿಂಗ ಮುಟ್ಟಿ ಆಡಿದ ಮಾತು ಎಂದರೇನು ಎಂದು ನಿಮಗೆ ಗೊತ್ತಿರಲಿಲ್ಲ ಎಂದು ನಾನು ನಂಬಬೇಕೇ? ಈ ತಾಲ್ಲೂಕಿನಲ್ಲಿ ಕೆಲಸ ಮಾಡುವವರಿಗೆ?

ಮನೆಗೆ ಬಂದವರೇ ಅತ್ತೆ ಬಚ್ಚಲೊಲೆಯ ಬೂದಿ ಬಳಿದು ತಿಪ್ಪೆಗೆ ಹಾಕಿದರು, ಒಲೆಯ ಬಾಯಿಗೆ ಒಂದು ಮಣೆಯನ್ನು ಅಡ್ಡ ಇಟ್ಟರು. ಮಗುವಿಗೆ ಹಾಕುತ್ತಿದ್ದ ಸಾಂಬ್ರಾಣಿ ನಿಂತಿತು. ಪೂಜೆಯ ಊದಿನಕಡ್ಡಿ ನಿಂತಿತು. ಸಂಜೆ ಗದ್ದೆಯಿಂದ ಬಂದ ಮಾವ ಗುರುಮಲ್ಲಪ್ಪನವರು ಜಗುಲಿಯ ಮೇಲೆ ಕೂತು ಕಿವಿಯ ಸಂದಿನಿಂದ ಬೀಡಿ ತೆಗೆದರು.

"ಬೀಡಿ ಆಚೆಗೆ. ಬೀದೀಗೋಗಿ ಸೇದಿ."

"ಬೀಡಿ ಒಗೆನೂವಾ? ಅದೆಷ್ಟು ದೂರ ಓದದು? ನಮ್ ಸೂರೇ ದಾಟಾಕಿಲ್ಲ."

"ಒಗೆ ಅಂದ್ರೆ ಒಗೆ. ಬೀಡಿ ಒಂದ ಬುಟ್ಟು ಅಂತ ನಾನು ಆಣೆ ಮಡಗಿಲ್ಲ."

"ಅಂಗಾದ್ರೆ ಅಣೆ ಮ್ಯಾಲೆ ಇಬೂತಿ ಬಳ್ಕಂಡಿದ್ದೀಯಲ್ಲ, ಅದೇನು ಮಂಜುಗಡ್ಡೆ ಪುಡಿಯಾ? ಸಗಣಿ ಸುಡ್ದೆ ಇಬೂತಿ ಆದದಾ?"

ಅತ್ತೆ ಹಣೆಯ ವಿಭೂತಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, "ಇದು ಆಣೆಗೆ ಮುಂಚೆ ಸುಟ್ಟಿದ್ದು" ಎಂದು ಒಳಗೆ ಹೋದರು. ಅಂದಿನಿಂದ ವಿಭೂತಿಯ ಗಟ್ಟಿಯನ್ನು ಅವರು ಉಗುರಿನಷ್ಟೇ ಉಗುರಿನಷ್ಟೇ ಉಜ್ಜಿಕೊಳ್ಳುತ್ತಾರೆ, ಮುಗಿದರೆ ಗತಿಯೇನು ಎಂದು. ನನ್ನ ಯಜಮಾನರು ಶಿವರಾಜು ಹಾಲಿನ ಡೇರಿಯಲ್ಲಿ ಕೆಲಸ ಮಾಡುವವರು. ತಮ್ಮ ಮೊಪೆಡ್ಡನ್ನು ಅರಳಿಕಟ್ಟೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಾರೆ. ನೀವು ಹೇಳಿದ್ದು ಮನೆಯಿಂದ ಹೊಗೆ ಏಳಬಾರದು ಎಂದಲ್ಲವೇ? ಅರಳಿಕಟ್ಟೆ ಮನೆಯಲ್ಲ. ಈ ತರ್ಕ ನಿಮ್ಮ ಇಲಾಖೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆಂದು ಭಾವಿಸುತ್ತೇನೆ.

ಇಲ್ಲಿಯವರೆಗೆ ನಗಬಹುದು. ನಾನೂ ನಕ್ಕೆ. ಆಷಾಢದ ಗಾಳಿ ಶುರುವಾದ ಮೇಲೆ ನಗು ನಿಂತಿತು.

ನಮಗಿರುವುದು ಒಂದೇ ಗ್ಯಾಸ್ ಸಿಲಿಂಡರು. ಮುಗಿದರೆ ಮತ್ತೊಂದು ಬರುವುದು ಏಜೆನ್ಸಿಯವರ ದಯೆ. ಅಡುಗೆಯಾದ ಮೇಲೆ ಒಂದು ದಬರಿ ನೀರು ಕಾಯಿಸಿದರೆ ಅದು ಮಗುವಿಗೆ. ಅದರಲ್ಲಿ ಒಂದು ಚೊಂಬನ್ನಾದರೂ ಅತ್ತೆ ಮುಟ್ಟುವುದಿಲ್ಲ. "ಕೂಸಿಗಾಗ್ಲಿ ಬುಡು" ಎನ್ನುತ್ತಾರೆ. ಆದರೆ ಸ್ನಾನ ಮಾಡದೆ ಅವರು ಶಿವಪೂಜೆಗೆ ಕೂರುವಂತಿಲ್ಲ, ಪೂಜೆಯಿಲ್ಲದೆ ಬಾಯಿಗೆ ನೀರೂ ಹಾಕುವಂತಿಲ್ಲ. ಹೊಳೆಯ ಕಡೆಯಿಂದ ಗಾಳಿ ಬೀಸುವ ಹೊತ್ತಿನಲ್ಲಿ, ತೊಟ್ಟಿಯ ನೀರನ್ನು ಹಾಗೆಯೇ ಮೊಗೆದು ಹೊಯ್ದುಕೊಳ್ಳುತ್ತಾರೆ. ಯಜಮಾನರು ಕರೆಂಟಿನಲ್ಲಿ ನೀರು ಕಾಯಿಸುವ ರಾಡು ತಂದರು. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಆದರೂ ಏನೋ ಒಂದು ದಾರಿ ಎಂದುಕೊಂಡೆ. ಅತ್ತೆ ಕೇಳಿದರು, "ಈ ಕರೆಂಟು ಎಲ್ಲಿಂದ ಬತ್ತದವ್ವ?" ಸುಳ್ಳು ಹೇಳಬಹುದಿತ್ತು, ಜೋಗದಿಂದ ಎನ್ನಬಹುದಿತ್ತು. ಓದಿದ ಬಾಯಿ ಸುಮ್ಮನಿರಲಿಲ್ಲ. ಒಂದಿಷ್ಟು ನೀರಿನಿಂದ, ಒಂದಿಷ್ಟು ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು, ಎಂದೆ.

"ಅಂಗಾದ್ರೆ ಅದೂ ಒಗೆಯೇ. ನಮ್ಮನೆ ಒಗೆ ಇನ್ನೊಬ್ರ ಮನೇಲಿ ಎದ್ರೆ ಅದು ನಮ್ದಲ್ವಾ?"

ರಾಡು ಅಟ್ಟ ಸೇರಿತು. ಮಾನ್ಯರೇ, ದೊಡ್ಡ ದೊಡ್ಡ ದೇಶಗಳ ಮಂತ್ರಿಗಳು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಸೇರಿ, ಉಂಡು, ಈ ಪ್ರಶ್ನೆಗೆ ಉತ್ತರ ಹೇಳದೆ ಎದ್ದು ಹೋಗುತ್ತಾರೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ನನ್ನ ಅತ್ತೆ ಉತ್ತರ ಹೇಳಿ, ತಣ್ಣೀರು ಹೊಯ್ದುಕೊಂಡು, ಆಸ್ಪತ್ರೆಗೆ ಹೋಗಿಬಂದರು. ಆಸ್ಪತ್ರೆಯಲ್ಲಿ ಮುಖಕ್ಕೆ ಮುಸುಕು ಹಾಕಿ ಮದ್ದಿನ ಆವಿ ಕುಡಿಸಿದರು. ಡಾಕ್ಟರು ನನ್ನ ಕಡೆ ತಿರುಗಿ, "ನೀವು ಓದಿದವರ ಥರ ಕಾಣ್ತೀರಿ. ವಯಸ್ಸಾದೋರಿಗೆ ಒಂದು ಹಂಡೆ ಬಿಸಿನೀರು ಕೊಡೋಕಾಗಲ್ವೇನಮ್ಮ?" ಎಂದರು. ನಾನು ಏನೆನ್ನಲಿ? ಇವರು ಹಿಮಕರಡಿಗೆ ಮಾತು ಕೊಟ್ಟಿದ್ದಾರೆ ಎನ್ನಲೇ?

ಬೀದಿಯಲ್ಲಿ ಆಡಿಕೊಳ್ಳುವವರಿಗಂತೂ ಹಬ್ಬ. "ಸೊಸೆ ಕೂಸೆತ್ಕಂಡು ಬಂದ್ಲು, ಅತ್ತೆಗೆ ತಣ್ಣೀರಾಯ್ತು." ಇದನ್ನು ಹೇಳಿದ್ದು ಪುಟ್ಟಮಾದಮ್ಮನವರೇ, ನನಗೆ ಕೇಳಲೆಂದೇ ನಲ್ಲಿಯ ಹತ್ತಿರ ಹೇಳಿದ್ದು. ಮಂಟಪದಲ್ಲಿ ಅವರೂ ಕೈ ಚಾಚಿದವರು. ಮಾರನೆಯ ದಿನವೇ ಅವರ ಬಚ್ಚಲಿನಿಂದ ಎಂದಿನಂತೆ ಹೊಗೆ ಎದ್ದಿತ್ತು. ಅವರ ಲೆಕ್ಕವೇ ಬೇರೆ: "ರಾಕೆಟ್ ಬುಟ್ಟು ಬುಟ್ಟು ಆಕಾಸ ತೂತಾಗದೆ. ಬಿಸ್ಲು ಅಲ್ಲಿಂದ ಸೋರ್ತದೆ. ಒಲೆ ಯಾನ ಮಾಡೀತು?" ಮಾವನ ಪ್ರಕಾರ ಭೂಮಿ ಮಗ್ಗುಲು ಬದಲಿಸುತ್ತದೆ, ಒಂದೊಂದು ಕಾಲಕ್ಕೆ ಒಂದೊಂದು ಮಗ್ಗುಲು ಬೆಚ್ಚಗಾಗುತ್ತದೆ, ಮಲಗಿದ ಮಗುವಿನ ಹಾಗೆ. ಕಾರಣಗಳಿಗೆ ಬರವಿಲ್ಲ. ನಿಮ್ಮದೂ ಅವುಗಳಲ್ಲಿ ಒಂದೇ, ಅಥವಾ ನಿಮ್ಮ ಹತ್ತಿರ ಬೇರೇನಾದರೂ ಇದೆಯೇ? ಇದೇ ನನ್ನ ಪ್ರಶ್ನೆ.

ತಪ್ಪು ತಿಳಿಯಬೇಡಿ. ಹಿಮ ಕರಗುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದ್ದೇನೆ. ಗಾಜಿನ ಮನೆಯೊಳಗೆ ಬಿಸಿಲು ಸಿಕ್ಕಿಬೀಳುವ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೇನೆ. ನನ್ನ ಅನುಮಾನ ಕರಗುವುದರ ಮೇಲಲ್ಲ, ಕರಗಿಸಿದವರು ಯಾರು ಎಂದು ನೀವು ಬೆರಳು ತೋರಿಸಿದ ರೀತಿಯ ಮೇಲೆ. ತೆಂಗಿನ ಮಟ್ಟೆಯಲ್ಲಿರುವ ಇಂಗಾಲ ಎಲ್ಲಿಂದ ಬಂತು? ಮರ ಅದನ್ನು ಈಚೆಗೆ ಇದೇ ಗಾಳಿಯಿಂದ ಹೀರಿದ್ದು. ನಾವು ಸುಟ್ಟರೆ ಅದೇ ಗಾಳಿಗೆ ಮರಳುತ್ತದೆ, ಹಿತ್ತಲ ಮರ ಮತ್ತೆ ಹೀರುತ್ತದೆ. ಯುಗಯುಗದಿಂದ ನೆಲದಡಿಯಲ್ಲಿ ಮಲಗಿದ್ದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಎಬ್ಬಿಸಿ ಸುಡುವುದು ಬೇರೆ, ಇದು ಬೇರೆ. ಇಷ್ಟನ್ನು ನನಗೆ ಕಾಲೇಜಿನಲ್ಲಿ ಹೇಳಿಕೊಟ್ಟರು. ನಿಮಗೆ ತರಬೇತಿಯಲ್ಲಿ ಹೇಳಿಕೊಡಲಿಲ್ಲವೇ? ಅಥವಾ ಹೇಳಿಕೊಟ್ಟಿದ್ದರು, ಆದರೆ ಆ ಪಾಠ ಮಾಡಲು ತಕ್ಕ ಮಂಟಪ ಸಿಗಲಿಲ್ಲವೇ? ಮಹಿಳಾ ಸಂಘದವರು ಕರೆದರೆ ಬರುತ್ತಾರೆ, ಕೈ ಚಾಚಿ ಎಂದರೆ ಚಾಚುತ್ತಾರೆ, ಒಂದು ಪೊಟ್ಟಣ ಚಿತ್ರಾನ್ನ ಕೊಟ್ಟರೆ ಮನೆಗೆ ಹೋಗುತ್ತಾರೆ. ಚಿಮಣಿಗಳು ಕರೆದರೆ ಬರುವುದಿಲ್ಲ.

ಚಿತ್ರಾನ್ನ ಎಂದಾಗ ನೆನಪಾಯಿತು. ಆ ಪೊಟ್ಟಣದ ಜೊತೆ ಒಂದು ಬಟ್ಟೆ ಚೀಲ ಕೊಟ್ಟಿರಿ. ಅದರ ಮೇಲೆ ಒಂದು ಕಡೆ ಕರಡಿ, ಇನ್ನೊಂದು ಕಡೆ ಪ್ರಾಯೋಜಕರೆಂದು ಒಂದು ಕಾರ್ಖಾನೆಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಮಗುವಿದೆ. ಅವರು ತಪ್ಪು ಮಾಡಿದ್ದಾರೆ ಎಂದೂ ಹೇಳಲಾರೆ, ನನ್ನ ಹತ್ತಿರ ಅಳೆಯುವ ಯಂತ್ರವಿಲ್ಲ. ತವರಿಗೆ ಬಸ್ಸಿನಲ್ಲಿ ಹೋಗುವಾಗ ಅವರ ಚಿಮಣಿ ಕಾಣುತ್ತದೆ ಎಂದಷ್ಟೇ ಹೇಳಬಲ್ಲೆ, ಮತ್ತು ಅದು ಸಾಂಬ್ರಾಣಿ ಹಾಕುತ್ತಿರುವಂತೆ ಕಾಣುವುದಿಲ್ಲ. ಕರಡಿ ಮತ್ತು ಒಲೆಯ ನಡುವೆ ಆ ಒಂದು ಚಿತ್ರ ಇಲ್ಲದ್ದಕ್ಕೂ ಈ ಚೀಲಕ್ಕೂ ಸಂಬಂಧವಿಲ್ಲ ಎಂದು ನೀವು ಬರೆದುಕೊಟ್ಟರೆ ನಾನು ನಂಬಲು ಪ್ರಯತ್ನಿಸುತ್ತೇನೆ.

ಈಗ ನ್ಯಾಯವಾದ ಮಾತೊಂದನ್ನು ಹೇಳಬೇಕು. ಮಸಿ ಹಾರಿಹೋಗಿ ಹಿಮದ ಮೇಲೆ ಬಿದ್ದರೆ ಬಿಸಿಲಿಗೆ ಬೇಗ ಕರಗುತ್ತದೆ ಎಂದು ಎಲ್ಲೋ ಓದಿದ್ದೇನೆ. ಕಪ್ಪು ಸೀರೆ ಉಟ್ಟು ಬಿಸಿಲಲ್ಲಿ ನಿಂತವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹಾಗಾದರೆ ನಮ್ಮ ಒಲೆಯ ಮಸಿಗೂ ಒಂದು ಪಾಲು ಇರಬಹುದು. ಎಷ್ಟು? ಹಂಡೆಯಲ್ಲಿ ಚೊಂಬೇ, ಚೊಂಬಿನಲ್ಲಿ ಹನಿಯೇ? ನಿದ್ದೆ ಬರದಾಗ ನನ್ನನ್ನು ಕಾಡುವುದು ಇದೇ. ಮಗು ಪಕ್ಕದಲ್ಲಿ ಮಲಗಿರುತ್ತದೆ, ಅದರ ಉಸಿರು ಕೇಳುತ್ತಿರುತ್ತೇನೆ, ಅತ್ತ ನಡುಮನೆಯಿಂದ ಅತ್ತೆಯ ಉಸಿರು ಸಿಳ್ಳೆ ಹಾಕುತ್ತಿರುತ್ತದೆ. ನೀವು ಹೇಳಿದ್ದೇ ನಿಜವಾಗಿದ್ದರೆ? ನಾನು ಅತ್ತೆಗೆಂದು ಹಚ್ಚುವ ಒಲೆಯ ಸಾಲವನ್ನು ಗಾನವಿ ತೀರಿಸಬೇಕಾಗಿ ಬಂದರೆ? ನನ್ನ ಅನುಮಾನ ನಿಮ್ಮನ್ನು ಮಾತ್ರ ಹಿಡಿದುಕೊಂಡಿದೆ ಎಂದು ತಿಳಿಯಬೇಡಿ, ಅದು ನನ್ನ ಮಗ್ಗುಲಲ್ಲೇ ಮಲಗುತ್ತದೆ. ಆದರೆ ಒಂದು ಮಾತು ಹೇಳಿ. ಒಲೆಯ ಹೊಗೆ ಮಗುವಿನ ಎದೆಗೆ ಒಳ್ಳೆಯದಲ್ಲ, ಉಬ್ಬಸದವರಿಗೆ ಒಳ್ಳೆಯದಲ್ಲ, ಹೊಗೆ ಮೇಲೆ ಹೋಗುವ ಹಾಗೆ ಒಂದು ಕೊಳವೆ ಹಾಕಿಸಿಕೊಡುತ್ತೇವೆ ಎಂದು ನೀವು ಹೇಳಿದ್ದರೆ ನಾನೇ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ಬಚ್ಚಲಲ್ಲಿರುವ ನಿಜವನ್ನು ಬಿಟ್ಟು ಧ್ರುವಕ್ಕೇಕೆ ಹೋದಿರಿ? ಧ್ರುವದಲ್ಲಿ ಕೊಳವೆ ಹಾಕಿಸಿಕೊಡಬೇಕಾಗಿಲ್ಲ ಎಂದೇ?

ನಿಮ್ಮ ಒಂದು ಸಭೆ ನಮ್ಮ ಬೀದಿಯನ್ನು ಏನು ಮಾಡಿದೆ ನೋಡಿ. ಆ ದಿನಗಳಲ್ಲಿ, ಕರೆಂಟಿನ ಪ್ರಶ್ನೆ ಏಳುವ ಮೊದಲು, ಟೀವಿಯಲ್ಲಿ ಹಿಮದ ಗೋಡೆಯೊಂದು ಸಮುದ್ರಕ್ಕೆ ಕುಸಿಯುವುದನ್ನು ತೋರಿಸಿದರು. ಅತ್ತೆ ನೋಡುತ್ತಾ ಕುಳಿತಿದ್ದರು. ಕುಸಿದ ಮೇಲೂ ಅಲ್ಲೇ ಕುಳಿತಿದ್ದರು.

"ನಾನು ಒಲೆ ಅಚ್ಚಿಲ್ವಲ್ಲವ್ವ. ಮತ್ಯಾಕೆ ಬಿತ್ತು?"

"ಅತ್ತೆ, ನಮ್ಮೊಬ್ಬರ ಒಲೆಯಿಂದ ಅದು ನಿಲ್ಲೋದೂ ಇಲ್ಲ, ಬೀಳೋದೂ ಇಲ್ಲ."

"ಯಾರೋ ಕದ್ದು ಅಚ್ತಾವ್ರೆ."

ಮರುದಿನದಿಂದ ಅವರು ಪೂಜೆ ಮುಗಿಸಿ ಜಗುಲಿಯ ತುದಿಯಲ್ಲಿ ನಿಂತು ಯಾರ ಯಾರ ಸೂರಿನ ಮೇಲೆ ಹೊಗೆ ಏಳುತ್ತದೆ ಎಂದು ನೋಡಲು ಶುರು ಮಾಡಿದರು. ಮೂವತ್ತು ವರ್ಷ ಪುಟ್ಟಮಾದಮ್ಮನವರ ಜೊತೆ ಸಾರು ಹಂಚಿಕೊಂಡು ಉಂಡವರು, ಅವರ ಬಾಗಿಲಿಗೆ ಹೋಗಿ, "ಕೈ ಚಾಚ್ದೋಳು ನೀನೂ ಅಲ್ವೇನಮ್ಮೀ?" ಎಂದು ಕೇಳಿದರು.

"ಚಾಚ್ದೆ. ಕೈ ನಂದು, ಬಚ್ಚಲೂ ನಂದು. ನಿನ್ನ ಕರ್ಡೀಗೆ ಯೋಳು, ಬೇಕಾದ್ರೆ ಬಂದು ಒಲೆ ಆರಿಸ್ಲಿ."

ಈಗ ಇಬ್ಬರಿಗೂ ಮಾತಿಲ್ಲ. ಇಡೀ ಬೀದಿಯವರು ಒಬ್ಬರ ಸೂರನ್ನು ಒಬ್ಬರು ನೋಡುವ ಹಾಗಾಗಿದೆ. ತಲೆ ಇನ್ನೊಂದು ಚೂರು ಎತ್ತಿದರೆ ದೂರದ ಚಿಮಣಿಗಳು ಕಂಡಾವು, ಆದರೆ ಯಾರೂ ಅಷ್ಟು ಎತ್ತುವುದಿಲ್ಲ. ಇದು ಕಾಕತಾಳೀಯವೋ ಅಥವಾ ಅಭಿಯಾನದ ಉದ್ದೇಶವೇ ಇದೋ ನಾನು ತಿಳಿಯೆ. ತಿಳಿಯೆ ಎಂದು ಬರೆಯುವಾಗಲೂ ಅನುಮಾನವಾಗುತ್ತದೆ.

ಆಣೆಯಿಂದ ಅತ್ತೆಯನ್ನು ಬಿಡಿಸಲು ನಾನು ಮಾಡದ ಪ್ರಯತ್ನವಿಲ್ಲ. ಮರ, ಮಟ್ಟೆ, ಇಂಗಾಲ ಎಲ್ಲವನ್ನೂ ಚಿತ್ರ ಬರೆದು ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ನಿಂಗೆ ಗೊತ್ತಿರದು ಆ ಸಾಹೇಬ್ರಿಗೆ ಗೊತ್ತಿಲ್ವಾ? ಅವ್ರು ಅಷ್ಟು ದೊಡ್ಡ ಪರದೆ ಕಟ್ಟಿ ತೋರ್ಸುದ್ರು" ಎಂದರು. ನಿಮ್ಮ ಪರದೆ ದೊಡ್ಡದು, ನನ್ನ ಹಾಳೆ ಚಿಕ್ಕದು. ಮಠಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಅಯ್ಯನವರು ಎಲ್ಲವನ್ನೂ ಕೇಳಿ, ಅತ್ತೆಯ ಉಸಿರನ್ನೂ ಕೇಳಿ, ನನ್ನನ್ನು ಪಕ್ಕಕ್ಕೆ ಕರೆದರು. "ತಾಯಿ, ಆಣೆ ಹಾಕಿಸಿದೋರೇ ಬಂದು ತೀರಿತು ಅನ್ನಬೇಕು. ನಾನು ಅಂದ್ರೆ ನನ್ನ ಎದುರಿಗೆ ಹೂಂ ಅಂತಾರೆ, ಮನೇಲಿ ಅದೇ ತಣ್ಣೀರು. ಆಣೆ ತೀರಿತು ಅಂತ ಅವರ ಮನಸ್ಸು ಒಪ್ಪಲ್ಲ. ಆ ಅಧಿಕಾರಿಗಳನ್ನೇ ಕರೆಸಿ" ಎಂದರು.

ಹೀಗೆ ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಬಹುದು. ಗಾನವಿ ನಿಮ್ಮ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಹಿಡಿಯಲು ಹೋದಳು, ನೀವು ಅದನ್ನು ಆಚೆ ಸರಿಸಿದಿರಿ. ನಾನು ಎಲ್ಲವನ್ನೂ ಹೇಳಿದೆ. ನೀವು ನಕ್ಕಿರಿ.

"ಏನಮ್ಮಾ ನೀವು, ಅದೊಂದು ಕಾರ್ಯಕ್ರಮ. ಎಲ್ಲಾ ಕಡೆನೂ ಪ್ರತಿಜ್ಞೆ ಮಾಡಿಸ್ತೀವಿ. ಯಾರಾದ್ರೂ ಸೀರಿಯಸ್ಸಾಗಿ ತಗೋತಾರಾ?"

"ಹಾಗಾದ್ರೆ ಹಿಮ ಕರಗೋದು ಸೀರಿಯಸ್ ಅಲ್ವಾ ಸಾರ್?"

"ಛೆ ಛೆ, ಅದು ತುಂಬಾ ಸೀರಿಯಸ್ಸು."

"ಪ್ರತಿಜ್ಞೆ ಮಾತ್ರ ಅಲ್ಲ."

ನೀವು ಫ್ಯಾನಿನ ಕಡೆ ನೋಡಿದಿರಿ. ಬಚ್ಚಲೊಲೆಯಿಂದ ಎಷ್ಟು ಹಿಮ ಕರಗುತ್ತದೆ, ಯಾರು ಅಳೆದರು ಎಂದು ಕೇಳಿದೆ. "ಅದೆಲ್ಲ ವಿಜ್ಞಾನಿಗಳು ಹೇಳಿರೋದು, ನಮಗೆ ಮೇಲಿನಿಂದ ಸಿ.ಡಿ. ಬರುತ್ತೆ, ನಾವು ಹಾಕ್ತೀವಿ" ಎಂದಿರಿ. ಆ ಸಿ.ಡಿ.ಯಲ್ಲಿ ಚಿಮಣಿಯ ಚಿತ್ರವೂ ಇತ್ತೇ ಎಂದು ಕೇಳಿದೆ. ಇತ್ತೋ ಏನೋ, ಸಮಯ ಸಾಲದೆ ಕೆಲವನ್ನು ಬಿಟ್ಟೆವು ಎಂದಿರಿ. ಕೊನೆಗೆ, ಮನೆಗೆ ಬಂದು ಅತ್ತೆಗೆ ಎರಡು ಮಾತು ಹೇಳಿ ಎಂದು ಬೇಡಿದೆ. ಆಗ ನಿಮ್ಮ ದನಿ ತಗ್ಗಿತು. ಆ ತಗ್ಗಿದ ದನಿಯನ್ನು ನಾನು ಮರೆಯುವುದಿಲ್ಲ. "ನೋಡಮ್ಮಾ, ನಿಮ್ಮನೆಯವರದ್ದು ಮಾದರಿ ಮನೆ ಅಂತ ಮೇಲಕ್ಕೆ ವರದಿ ಕಳಿಸಿದ್ದೀವಿ. ಹೊಗೆಯಿಲ್ಲದ ಮನೆ. ನಿಜವಾಗಿ ಪಾಲಿಸ್ತಿರೋದು ನಿಮ್ಮ ಅತ್ತೆಯೊಬ್ಬರೇ. ಈಗ ನಾನೇ ಬಂದು ಒಲೆ ಹಚ್ಚಿ ಅಂದ್ರೆ, ನಾಳೆ ನನ್ನನ್ನ ಕೇಳೋರು ಕೇಳಲ್ವಾ?"

ಅಂದರೆ, ಮಾನ್ಯರೇ, ಯಾರೂ ಪ್ರತಿಜ್ಞೆಯನ್ನು ಪಾಲಿಸುವುದಿಲ್ಲ ಎಂಬುದು ನಿಮಗೆ ಗೊತ್ತು. ಪಾಲಿಸುವವರೊಬ್ಬರು ಇದ್ದಾರೆ, ಅವರಿಗೆ ಉಸಿರು ಕಟ್ಟುತ್ತಿದೆ ಎಂಬುದೂ ಗೊತ್ತು. ಆದರೂ ಅವರು ನಿಮಗೆ ಬೇಕು, ವರದಿಗೆ. ಹಿಮಕರಡಿಯನ್ನು ನೀವು ಪರದೆಯ ಮೇಲೆ ಮಾತ್ರ ನೋಡಿದ್ದೀರಿ. ನನ್ನ ಅತ್ತೆ ನಿಮ್ಮ ಎದುರಿಗೆ ನಿಂತಿದ್ದರು.

ನನ್ನ ಯಜಮಾನರಿಗೆ ಸುಲಭವಾದ ಉಪಾಯ ಹೊಳೆದಿತ್ತು. "ಡೇರಿ ಸೂಪರ್‌ವೈಜರ್‌ಗೆ ಇನ್‌ಶರ್ಟ್ ಮಾಡ್ಸಿ ಕರ್ಕಂಬತ್ತೀನಿ. ಮೇಲಿನ ಆಫೀಸಿಂದ ಬಂದವ್ರೆ ಅಂದ್ರಾಯ್ತು. ಆಣೆ ತೀರ್ತು ಅಂತ ಅಂದ್ಬುಟ್ಟು ಕಾಪಿ ಕುಡ್ದು ಓಯ್ತಾನೆ. ಅವ್ವಂಗೆ ಏನ್ ಗೊತ್ತಾದದು?" 

"ನಿಮ್ಮವ್ವನ ಲಿಂಗದ ಮುಂದೆ ಸುಳ್ಳು ಹೇಳಿಸ್ತೀರಾ?"

"ಆ ಸಾಹೇಬ್ರು ಯೋಳ್ಳಿಲ್ವಾ?"

ಆದರೂ ನಾನು ಒಪ್ಪಲಿಲ್ಲ. ನಾನು ದೊಡ್ಡ ಭಕ್ತೆಯೇನಲ್ಲ. ಆದರೆ ಯಾರೋ ಒಬ್ಬರು ದೊಡ್ಡ ಪರದೆ ಕಟ್ಟಿ ಹೇಳಿದ್ದನ್ನು ಇನ್ನೊಬ್ಬರು ಇನ್‌ಶರ್ಟ್ ಮಾಡಿಕೊಂಡು ಬಂದು ಅಳಿಸಿದರೆ, ನಾಳೆ ಗಾನವಿ ದೊಡ್ಡವಳಾಗಿ ಹಿಮ ಯಾಕೆ ಕರಗಿತು ಎಂದು ಕೇಳಿದಾಗ ಈ ಮನೆಯಲ್ಲಿ ನಿಜ ಹೇಳುವ ಬಾಯಿ ಯಾವುದು ಉಳಿದಿರುತ್ತದೆ? ಅವಳು ಕೇಳಿಯೇ ಕೇಳುತ್ತಾಳೆ. ಆಗ ನಾನು, 'ಅಜ್ಜಿಯ ಬಚ್ಚಲೊಲೆಯಿಂದ' ಎನ್ನಲಾರೆ. 'ಯಾರಿಗೂ ಗೊತ್ತಿಲ್ಲ' ಎನ್ನಲೂ ಆರೆ, ಏಕೆಂದರೆ ಗೊತ್ತಿರುವವರು ಎಲ್ಲೋ ಇದ್ದಾರೆ, ಅವರ ಮಾತು ಸಿ.ಡಿ.ಯಾಗಿ, ಸಮಯ ಸಾಲದೆ ಅರ್ಧವಾಗಿ, ಚೀಲದ ಮೇಲೆ ಅಚ್ಚಾಗಿ ನಮ್ಮ ಬೀದಿಗೆ ಬರುವಷ್ಟರಲ್ಲಿ ತಪ್ಪೆಲ್ಲ ನಮ್ಮ ಬಚ್ಚಲೊಲೆಯ ಮೇಲೆ ಬಂದು ಕೂತಿರುತ್ತದೆ. ನಡುವೆ ಆ ಮಾತನ್ನು ಕತ್ತರಿಸಿದ ಕೈ ಯಾರದು ಎಂಬುದಷ್ಟೇ ನನ್ನ ಅನುಮಾನ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಎರಡರಲ್ಲಿ ಒಂದನ್ನು ಮಾಡಿ. ನಮ್ಮ ಮನೆಯ ಒಲೆ ಧ್ರುವದ ಹಿಮವನ್ನು ಇಷ್ಟು ಕರಗಿಸುತ್ತದೆ, ಕಾರ್ಖಾನೆ ಇಷ್ಟು, ನಿಮ್ಮ ಜೀಪು ಇಷ್ಟು ಎಂದು ತಿಳಿದವರಿಂದ ಕೇಳಿ ತಂದು, ಅದೇ ಮಂಟಪದಲ್ಲಿ, ಅದೇ ಪರದೆಯ ಮೇಲೆ, ಯಾವ ಚಿತ್ರವನ್ನೂ ಬಿಡದೆ ತೋರಿಸಿ. ನಮ್ಮ ಪಾಲು ಎಷ್ಟೇ ಬರಲಿ, ಅಷ್ಟನ್ನು ನಾವು ಹೊರುತ್ತೇವೆ. ಅತ್ತೆ ಹೊರುತ್ತಾರೆ ಎಂಬುದಂತೂ ನಿಮಗೆ ಗೊತ್ತೇ ಇದೆ. ಅದು ಆಗದಿದ್ದರೆ ಒಂದು ಬೆಳಿಗ್ಗೆ, ಅವರು ಸ್ನಾನಕ್ಕೆ ಹೋಗುವ ಮೊದಲು, ನಮ್ಮ ಮನೆಗೆ ಬನ್ನಿ. ಬೇರೆಯವರನ್ನು ಕಳಿಸಬೇಡಿ, ಅವರಿಗೆ ನಿಮ್ಮ ಮುಖ ಗೊತ್ತು. ಬಂದು ಹೀಗೆ ಹೇಳಿ: "ಚನ್ನಾಜಮ್ಮನವರೇ, ನಿಮ್ಮ ಒಲೆಯ ವಿಷಯ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಣೆ ಹಾಕಿಸಿದೆ. ಅದು ತೀರಿತು." ಇಷ್ಟೇ. ಗೊತ್ತಿರಲಿಲ್ಲ ಎನ್ನಲು ಮೇಲಿನಿಂದ ಆದೇಶ ಬೇಕಾಗಿಲ್ಲ ಎಂದುಕೊಂಡಿದ್ದೇನೆ. ಬೇಕಾಗಿದ್ದರೆ ಆ ಆದೇಶಕ್ಕೂ ಈ ಪತ್ರವನ್ನೇ ಅರ್ಜಿ ಎಂದು ತಿಳಿಯಿರಿ.

ತಡ ಮಾಡಬೇಡಿ. ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ನೀರು ಹೊಯ್ದ ಸದ್ದು ಕೇಳಿತು, ಮತ್ತೆ ಹೊಯ್ದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಮಗುವನ್ನು ಚಾಪೆಯ ಮೇಲೆ ಬಿಟ್ಟು ಓಡಿದೆ. ಬಾಗಿಲು ತಟ್ಟಿದೆ. ಸದ್ದಿಲ್ಲ. ಮತ್ತೆ ತಟ್ಟಿದೆ. ಒಳಗಿನಿಂದ, ಒಂದೊಂದು ಅಕ್ಷರಕ್ಕೂ ನಡುವೆ ಉಸಿರು ಹುಡುಕುತ್ತ, ಅತ್ತೆ ಹೇಳಿದರು: "ಇಲ್ಲೇ ಇವ್ನಿ ಕಣವ್ವ. ಕೂಸ್ನ ನೋಡೋಗು."

ನಾಳೆ ಬೆಳಿಗ್ಗೆಯೂ ನಾನು ತಟ್ಟುತ್ತೇನೆ. ನೀವು ಅದಕ್ಕಿಂತ ಮುಂಚೆ ಬನ್ನಿ.

ಇಂತಿ,
ನಿಮ್ಮ ವರದಿಯಲ್ಲಿ ಹೊಗೆಯಿಲ್ಲದ ಮನೆಯ ನಿದ್ದೆಯಿಲ್ಲದ ಸೊಸೆ,
ಚೈತ್ರ ಶಿವರಾಜು
ತಿ. ನರಸೀಪುರ